ಕನ್ನಡದ ಶೀರ್ಷಿಕಾಕ್ಷರ: ಅದರ ಮೂಲವೂ ಮರ್ಯಾದೆಯೂ

೧

ಅಕ್ಷರವು ಕಿವಿಗೆ ಗೋಚರವಾದ ಧ್ವನಿಯೆಂದೂ ಕಣ್ಣಿಗೆ ಗೋಚರವಾದ ಲಿಪಿಯೆಂದೂ ಎರಡು ಬಗೆಯಾಗಿರುವುದು ವ್ಯಾಕರಣವನ್ನು ಬಲ್ಲವರಿಗೆಲ್ಲ ತಿಳಿದ ವಿಷಯವೇ. ಇವೆರಡರಲ್ಲಿ ಮೊದಲನೆಯದನ್ನು ಕುರಿತು ಪ್ರಾತಿಶಾಖ್ಯಗಳ ಕಾಲದಿಂದಲೂ ವಿಪುಲವಾದ ವಿಚಾರ ನಡೆದಿದೆ. ಎರಡನೆಯದನ್ನು ಶಾಸನಪರಿಶೋಧಕರು ಕಾಲನಿರ್ಣಯಕ್ಕೆ ಸಾಧನವಾಗುವಷ್ಟರ ಮಟ್ಟಿಗೆ ಪರೀಕ್ಷಿಸಿರುವರು. ಆದರೆ ಲಿಪಿಯನ್ನು ದಪ್ಪಮಾಡಿ, ದೊಡ್ಡದುಮಾಡಿ, ಅಲಂಕರಿಸಿ, ದೂರದಿಂದಲೇ ನೋಟವನ್ನು ಸೆಳೆಯುವಂತೆ ನಿಲ್ಲಿಸುವ ಪದ್ಧತಿಯೊಂದು ಉಂಟಷ್ಟೆ. ಅದರ ಲಕ್ಷಣವೇನು, ಅದಕ್ಕೆ ಮೇರೆ ಯಾವುದು ಎಂಬ ವಿಚಾರಕ್ಕೆ ಅಷ್ಟು ಗಮನ ಸಂದಿಲ್ಲ.

ಪುಸ್ತಕದ ಒಳಪುಟದಲ್ಲಿ ಸಾಲುಸಾಲಾಗಿ ಓದಲ್ಪಡುವ ಅಕ್ಷರವನ್ನು ಗ್ರಂಥಾಕ್ಷರವೆಂದು ಕರೆಯುವುದಾದರೆ, ಪುಸ್ತಕದ ಹೊದಿಕೆ, ಅಂಗಡಿಯ ಹಲಗೆ, ಪತ್ರಿಕೆಯ ನೆತ್ತಿ, ನಾಟಕದ ಪ್ರಕಟನೆ, ಊರಿನ ಹೆಸರು ಇವುಗಳಲ್ಲಿ ನಿಲ್ಲುವ ಅಕ್ಷರವನ್ನು ಶೀರ್ಷಿಕಾಕ್ಷರವೆಂದು ಕರೆಯಬಹುದು. ಗ್ರಂಥಾಕ್ಷರದ ಗುಣ ತಾನು ಕಾಣಿಸಿಕೊಳ್ಳದೆ ಅರ್ಥವನ್ನು ಕಾಣಿಸುವುದು. ಶೀರ್ಷಿಕಾಕ್ಷರದ ಗುಣವಾದರೋ ಮೊದಲು ತಾನು ಕಾಣಿಸಿಕೊಂಡು ಅನಂತರ ಅರ್ಥವನ್ನು ಕಾಣಿಸುವುದು. ಈ ಎರಡನೆಯ ಕಾರ್ಯವು ಮೊದಲನೆಯದರಿಂದ ನುಂಗಲ್ಪಡಬಾರದೆಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ.

ಇಂಥ ದಪ್ಪ ಅಕ್ಷರಗಳು ಪಾಶ್ಚಾತ್ಯ ಮುದ್ರಣಾಲಯಗಳಿಂದ ಬಂದ ಅನುಕರಣವೆಂದೂ ಕನ್ನಡಕ್ಕೆ ಹೊರಗಿನವೆಂದೂ ಭಾವಿಸುವವರುಂಟು. ಈ ಅಭಿಪ್ರಾಯವನ್ನು ಪರೀಕ್ಷಿಸುವುದಕ್ಕೆ ಹಾಸನದ ಸೀಮೆಗಿಂತ ತಕ್ಕ ಕ್ಷೇತ್ರವು ಬೇರೊಂದಿಲ್ಲ. ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲಿ ಒಂದಾದ ಹಲ್ಮಿಡಿಯ ಕಲ್ಲು, ಶ್ರವಣಬೆಳಗೊಳದ ಮಹಾಮೂರ್ತಿಯ ಪಾದದ ಬಳಿಯ ಬರೆಹ, ಬೇಲೂರಿನ ರೂವಾರಿಗಳ ಹೆಸರುಗಳು, ಆಲೂರು ಸಕಲೇಶಪುರಗಳ ಬೆಟ್ಟದ ಊರುಗಳಲ್ಲಿ ಮಳೆಗೆ ಮೈಯೊಡ್ಡಿ ನಿಂತ ವೀರಗಲ್ಲುಗಳು, ಇವೆಲ್ಲವೂ ಒಂದೇ ಜಿಲ್ಲೆಯ ಎಲ್ಲೆಯೊಳಗೆ ದೊರೆಯುತ್ತವೆ.

೨

ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ಮೈಸೂರು ಪುರಾತತ್ತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದರು; ೧೯೩೬ರ ವರದಿಯಲ್ಲಿ ಅದು ಪ್ರಕಟವಾಯಿತು. ಅದರ ಕಾಲವನ್ನು ಸಾಮಾನ್ಯವಾಗಿ ಕ್ರಿ. ಶ. ಸುಮಾರು ೪೫೦ ಎಂದು ಹೇಳುವರು. ಹದಿನಾರು ಸಾಲುಗಳ ಈ ಬರೆಹದ ಉದ್ದೇಶವು ದಾನವನ್ನು ದಾಖಲೆ ಮಾಡುವುದು. ಇಲ್ಲಿಯದನ್ನು ಗ್ರಂಥಾಕ್ಷರವೆಂದೇ ಎಣಿಸಬೇಕು.

ಅದೇ ಕದಂಬರ ಲಿಪಿಯಲ್ಲಿ ಅಲಂಕಾರಕ್ಕೆ ಕೈಹಾಕಿದ ಉದಾಹರಣೆಯು ಹಾಸನದ ಹೊರಗೆ, ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭದಲ್ಲಿದೆ. ಅಲ್ಲಿಯ ಅಕ್ಷರಗಳ ತಲೆಯ ಮೇಲೆ ಚಿಕ್ಕ ಪೆಟ್ಟಿಗೆಯಂಥ ಚೌಕಗಳಿವೆ. ಆ ಕಾವ್ಯವನ್ನು ರಚಿಸಿದ ಕುಬ್ಜನೆಂಬ ಕವಿಯು ತಾನೇ ಅದನ್ನು ಕಲ್ಲಿನ ಮೇಲೆ ಬರೆದುದಾಗಿ ಹೇಳಿಕೊಂಡಿರುವನು. ಕಾವ್ಯವನ್ನು ಕಟ್ಟಿದವನೇ ಅಕ್ಷರದ ರೂಪಕ್ಕೂ ಹೊಣೆಯಾದನೆಂಬ ಸಂಗತಿಯು ಗಮನಾರ್ಹವಾದುದು. ಅಕ್ಷರದ ತಲೆಯನ್ನು ಅಲಂಕರಿಸುವ ಈ ಪ್ರವೃತ್ತಿಯು ಮುಂದೆ ಕನ್ನಡದಲ್ಲಿ ಬೇರೆ ದಾರಿಯನ್ನು ಹಿಡಿದು ಈಗಿನ ತಲೆಕಟ್ಟಿನಲ್ಲಿ ನೆಲೆಗೊಂಡಿತು.

ಶುದ್ಧ ಶೀರ್ಷಿಕಾಕ್ಷರವೆಂದು ಹೇಳಬಹುದಾದ ಬರೆಹವು ಶ್ರವಣಬೆಳಗೊಳದಲ್ಲಿ ಕಾಣುತ್ತದೆ. ಗೊಮ್ಮಟನ ಮೂರ್ತಿಯನ್ನು ಚಾವುಂಡರಾಯನು ಕ್ರಿ. ಶ. ೯೮೧ರ ಸುಮಾರಿನಲ್ಲಿ ನಿಲ್ಲಿಸಿದನು. ಅದರ ಪಾದಗಳ ಇಕ್ಕೆಲದಲ್ಲಿ, ಮೂರ್ತಿಯನ್ನು ಮಾಡಿಸಿದವನು ಇವನೆಂಬ ಒಂದೇ ಒಂದು ಮಾತನ್ನು ಕನ್ನಡ, ತಮಿಳು, ಮರಾಠಿ ಈ ಮೂರು ಭಾಷೆಗಳಲ್ಲಿ ಅವುಗಳಿಗೆ ತಕ್ಕ ಲಿಪಿಗಳಿಂದ ಕೆತ್ತಿರುವರು. ಇಲ್ಲಿ ದಾನದ ವಿವರವಿಲ್ಲ, ಗಡಿಗಳ ಪಟ್ಟಿಯಿಲ್ಲ, ಶಾಪಾಶಯವಿಲ್ಲ. ಯಾತ್ರಿಕನು ತಲೆಯೆತ್ತಿ ಮೂರ್ತಿಯನ್ನು ನೋಡಿ, ತಲೆ ಬಾಗಿಸುವಾಗ ಕಣ್ಣಿಗೆ ಬೀಳಬೇಕಾದುದು ಇಷ್ಟೇ. ಸ್ವಲ್ಪ ಮಾತು, ದೊಡ್ಡ ಅಕ್ಷರ, ತಕ್ಕ ಸ್ಥಾನ: ಶೀರ್ಷಿಕಾಕ್ಷರದ ಮೂರು ಅಂಗಗಳೂ ಇಲ್ಲಿ ಸಿದ್ಧವಾಗಿವೆ.

ಹೊಯ್ಸಳರ ಕಾಲದಲ್ಲಿ ಈ ಕಲೆಯು ಪ್ರೌಢಾವಸ್ಥೆಗೆ ಬಂದಿತು. ವಿಷ್ಣುವರ್ಧನನು ೧೧೧೭ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವನ ದೇವಾಲಯದಲ್ಲಿ ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ಮುಂತಾದ ರೂವಾರಿಗಳು ತಮ್ಮ ಹೆಸರುಗಳನ್ನೂ ಬಿರುದುಗಳನ್ನೂ ವಿಗ್ರಹಗಳ ಪೀಠದಲ್ಲಿ ಕಂಡರಿಸಿರುವರು. ಪೀಠದ ಪಟ್ಟಿಯು ಕಿರಿದು. ಹೆಸರು ಅದರೊಳಗೆ ಅಡಗಬೇಕು. ಅಡಗಿದರೂ ಓದಲು ಬರಬೇಕು. ಈ ನಿರ್ಬಂಧದಿಂದಲೇ ಅಕ್ಷರಗಳಿಗೆ ಒಂದು ಗುಂಡಗಿನ ತುಂಬುಮೈಯೂ ಸಮನಾದ ಎಡೆಯೂ ಬಂದುವು.

ಹೊಯ್ಸಳರ ದೊಡ್ಡ ಶಿಲಾಶಾಸನಗಳಲ್ಲಿ ಕೆಲವೆಡೆ ಮೊದಲ ಸಾಲಿನ ಅಕ್ಷರಗಳ ಮೇಲಣ ಸ್ವರಚಿಹ್ನೆಗಳು ಮೇಲಕ್ಕೆ ಚಾಚಿ ಬಳ್ಳಿಯಂತೆ ಬಳುಕುವುದನ್ನು ನೋಡಬಹುದು. ಇದಕ್ಕೆ ಕಾರಣವು ಸರಳವಾಗಿದೆ. ಮೊದಲ ಸಾಲಿನ ಮೇಲೆ ಬೇರೆ ಸಾಲಿಲ್ಲವಾದುದರಿಂದ ಅಲ್ಲಿ ಬರಿದಾದ ಜಾಗವಿರುತ್ತದೆ. ಕಂಡರಣೆಗಾರನು ಆ ಜಾಗವನ್ನು ಅಲಂಕಾರಕ್ಕೆ ಬಳಸಿದನು. ನಡುವಣ ಸಾಲುಗಳಲ್ಲಿ ಹಾಗೆ ಮಾಡಹೋಗಲಿಲ್ಲ, ಏಕೆಂದರೆ ಅಲ್ಲಿ ಮೇಲಿನ ಸಾಲಿನ ಒತ್ತಕ್ಷರಕ್ಕೂ ಕೆಳಗಿನ ಸಾಲಿನ ಗುಡಿಸಿಗೂ ಡಿಕ್ಕಿಯಾಗುತ್ತಿತ್ತು. ಅಲಂಕಾರವು ಅಕ್ಷರದ ಒಡಲಿನಲ್ಲಿ ಅಲ್ಲ, ಅದರ ತುದಿಯಲ್ಲಿ. ಇಕ್ಕಟ್ಟಿನಲ್ಲಿ ಅಲ್ಲ, ಬಿಡುವಿನಲ್ಲಿ. ಈ ನಿಯಮವನ್ನು ಯಾವ ಗ್ರಂಥವೂ ಅವರಿಗೆ ಹೇಳಿಕೊಟ್ಟಂತೆ ಕಾಣುವುದಿಲ್ಲ. ಕೈಯೇ ಅದನ್ನು ಕಂಡುಕೊಂಡಿತು.

೩

ಬೇಲೂರು ಹಳೇಬೀಡುಗಳಿಂದ ಪಶ್ಚಿಮಕ್ಕೂ ದಕ್ಷಿಣಕ್ಕೂ ನಡೆದರೆ ನೆಲವು ಏರಿಳಿದು ಆಲೂರು ಸಕಲೇಶಪುರಗಳ ಬೆಟ್ಟದ ಸೀಮೆಯು ಮೊದಲಾಗುತ್ತದೆ. ಸಕಲೇಶಪುರದ ಕಡೆಯ ನಾಡಿಗೆ ಹಿಂದೆ ಬಲಂ ಎಂಬ ಹೆಸರಿದ್ದು ಐಗೂರಿನ ನಾಯಕರು ಅದನ್ನು ಆಳುತ್ತಿದ್ದರು. ಟಿಪ್ಪು ಸುಲ್ತಾನನು ೧೭೯೨ರಲ್ಲಿ ನಕ್ಷತ್ರಾಕಾರವಾಗಿ ಕಟ್ಟಿಸಿದ ಮಂಜರಾಬಾದ್ ಕೋಟೆಯ ಹೆಸರೇ ಬಹುಕಾಲ ತಾಲ್ಲೂಕಿನ ಹೆಸರೂ ಆಗಿತ್ತು. ಬಿ. ಎಲ್. ರೈಸ್ ಅವರು ೧೯೦೨ರಲ್ಲಿ ಹೊರತಂದ ಹಾಸನ ಜಿಲ್ಲೆಯ ಶಾಸನಸಂಪುಟದಲ್ಲಿ ಈ ಪ್ರಾಂತದ ಶಾಸನಗಳು ಮಂಜರಾಬಾದ್ ತಾಲ್ಲೂಕಿನವೆಂದೇ ಎಣಿಸಲ್ಪಟ್ಟಿವೆ.

ಇಲ್ಲಿಯ ಬರೆಹಗಳಿಗೂ ಬೇಲೂರಿನ ಬರೆಹಗಳಿಗೂ ಇರುವ ಅಂತರಕ್ಕೆ ಎರಡು ಕಾರಣಗಳನ್ನು ಹೇಳಬಹುದು. ಮೊದಲನೆಯದು ಕಲ್ಲು. ಬೇಲೂರಿನ ರೂವಾರಿಗಳಿಗೆ ಒದಗಿದುದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಅದು ಮೃದುವಾಗಿದ್ದು ಗಾಳಿಗೆ ಮೈಯೊಡ್ಡಿದ ಮೇಲೆ ಕ್ರಮೇಣ ಗಟ್ಟಿಯಾಗುತ್ತದೆ. ಆದುದರಿಂದ ಕೂದಲೆಳೆಯಂಥ ಗೆರೆಯನ್ನೂ ಅದು ತಾಳಿಕೊಳ್ಳುತ್ತದೆ. ಹಳ್ಳಿಯ ವೀರಗಲ್ಲಿಗೆ ಅಂಥ ಕಲ್ಲನ್ನು ದೂರದಿಂದ ತರುವವರಾರು? ಊರ ಬಳಿಯ ಗಟ್ಟಿಯಾದ ಕಣಶಿಲೆಯಲ್ಲಿ ಉಳಿಯನ್ನು ಬಳುಕಿಸುವುದು ಕಷ್ಟ. ಅಲ್ಲಿ ಗೆರೆಗಳು ಕಡಮೆಯಾಗಿ, ಒಂದೊಂದು ಗೆರೆಯೂ ಅಗಲವಾಗಿ ಆಳವಾಗಿ ಇರಬೇಕಾದುದು ಸಹಜವೇ.

ಎರಡನೆಯ ಕಾರಣವು ಮಳೆ. ಸಕಲೇಶಪುರದ ಕಡೆ ವರ್ಷಕ್ಕೆ ಎರಡು ಸಾವಿರ ಮಿಲ್ಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ. ಬಯಲಿನಲ್ಲಿ ನಿಂತ ಕಲ್ಲಿನ ಮೇಲೆ ಹಾವಸೆ ಕಟ್ಟುತ್ತದೆ, ಕಲ್ಲುಹೂವು ಬೆಳೆಯುತ್ತದೆ, ನೀರು ಗೆರೆಗಳ ಅಂಚನ್ನು ತಿನ್ನುತ್ತದೆ. ಸಣ್ಣ ಗೆರೆಯು ಮೊದಲು ಅಳಿಯುತ್ತದೆ. ದಪ್ಪ ಗೆರೆಯು ಉಳಿಯುತ್ತದೆ. ಹೀಗೆ ಮಲೆನಾಡಿನಲ್ಲಿ ಅಕ್ಷರದ ದಪ್ಪವು ಬರಿಯ ಮೆರುಗಿಗಾಗಿ ಅಲ್ಲ, ಉಳಿವಿಗಾಗಿ.

ವೀರಗಲ್ಲಿನ ರಚನೆಯೂ ಇಲ್ಲಿ ವಿಚಾರಯೋಗ್ಯವಾಗಿದೆ. ಸಾಮಾನ್ಯವಾಗಿ ಅದರಲ್ಲಿ ಮೂರು ನೆಲೆಗಳ ಚಿತ್ರಗಳಿರುತ್ತವೆ. ಕೆಳಗೆ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಅವನು ದೇವಸನ್ನಿಧಿಯಲ್ಲಿರುವುದು. ಈ ನೆಲೆಗಳನ್ನು ಬೇರ್ಪಡಿಸುವ ಅಡ್ಡಪಟ್ಟಿಗಳಲ್ಲಿ ಬರೆಹವಿರುತ್ತದೆ. ಪಟ್ಟಿಯ ಎತ್ತರವು ಮೊದಲೇ ನಿಶ್ಚಿತವಾದುದರಿಂದ ಒತ್ತಕ್ಷರಕ್ಕೆ ಕೆಳಗೆ ಇಳಿಯಲು ಎಡೆಯಿಲ್ಲ. ಆಗ ಕಂಡರಣೆಗಾರನಿಗೆ ಎರಡು ದಾರಿಗಳುಂಟು: ಒತ್ತನ್ನು ಕಿರಿದುಮಾಡುವುದು, ಇಲ್ಲವೆ ಮೂಲಾಕ್ಷರವನ್ನೇ ಗಿಡ್ಡಮಾಡಿ ಅಗಲಗೊಳಿಸುವುದು. ಎರಡನೆಯ ದಾರಿಯನ್ನು ಹಿಡಿದಾಗ ಅಕ್ಷರವು ತಾನಾಗಿಯೇ ದಪ್ಪವೂ ಗುಂಡಗೂ ಆಗುತ್ತದೆ. ಇಂದು ಅಂಗಡಿಯ ಹಲಗೆಯ ಮೇಲೆ ಬರೆಯುವವನ ಮುಂದಿರುವ ಕಷ್ಟವೂ ಇದೇ, ಉಪಾಯವೂ ಇದೇ.

೪

ಸಕಲೇಶಪುರದಿಂದ ಶಿರಾಡಿಯ ಘಟ್ಟವನ್ನಿಳಿದು ಹೋಗುವ ದಾರಿಯು ಮಂಗಳೂರನ್ನು ಮುಟ್ಟುತ್ತದೆ. ಕನ್ನಡದ ಅಕ್ಷರವು ಕಲ್ಲಿನಿಂದ ಅಚ್ಚಿಗೆ ದಾಟಿದ ಚರಿತ್ರೆಯಲ್ಲಿ ಮಂಗಳೂರಿಗೆ ದೊಡ್ಡ ಸ್ಥಾನವಿದೆ. ಕನ್ನಡದ ಲೋಹದ ಮೊಳೆಗಳು ಅದಕ್ಕೂ ಮೊದಲೇ ವಂಗದೇಶದ ಶ್ರೀರಾಮಪುರದಲ್ಲಿ ಸಿದ್ಧವಾಗಿ, ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು ೧೮೧೭ರಲ್ಲಿ ಅಲ್ಲಿ ಅಚ್ಚಾಗಿತ್ತು. ಆದರೆ ೧೮೪೩ನೆಯ ಜುಲೈ ೧ರಂದು ಹರ್ಮನ್ ಮೊಗ್ಲಿಂಗ್ ಅವರು ಮಂಗಳೂರಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಮುದ್ರಿತವಾದುದು. ಕಲ್ಲಚ್ಚಿನಲ್ಲಿ ಲೇಖಕನ ಕೈಬರೆಹವೇ ಕಲ್ಲಿನ ಮೇಲೆ ಮೂಡಿ ಅಲ್ಲಿಂದ ಕಾಗದಕ್ಕೆ ಇಳಿಯುತ್ತದೆ. ಆದುದರಿಂದ ಶೀರ್ಷಿಕೆಯನ್ನು ಎಷ್ಟು ದಪ್ಪವಾಗಿ, ಎಷ್ಟು ಬಳುಕಾಗಿ ಬರೆಯಬೇಕೆಂಬುದು ಬರೆಯುವವನ ಇಚ್ಛೆಗೆ ಬಿಟ್ಟ ವಿಷಯ. ಮರುವರ್ಷ ಪತ್ರಿಕೆಯು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾದಾಗ ಮೊಳೆಗಳಲ್ಲಿ ಅಚ್ಚಾಗತೊಡಗಿತು.

ಮೊಳೆಯು ಅಕ್ಷರಕ್ಕೆ ಏಕರೂಪವನ್ನು ಕೊಟ್ಟಿತು. ಅದರಿಂದಾದ ಉಪಕಾರವು ಅಪಾರವಾದುದು. ಕಿಟ್ಟೆಲ್ ಅವರು ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ನಿಘಂಟಿನಂಥ ಗ್ರಂಥವು ಮೊಳೆಗಳಿಲ್ಲದೆ ಸಾಧ್ಯವಾಗುತ್ತಿರಲಿಲ್ಲ. ಆದರೆ ಶೀರ್ಷಿಕಾಕ್ಷರಕ್ಕೆ ಅದರಿಂದ ಒಂದು ಬಗೆಯ ಬಡತನವೂ ಬಂದಿತು. ರೋಮನ್ ಲಿಪಿಗೆ ದೊಡ್ಡಕ್ಷರ ಚಿಕ್ಕಕ್ಷರಗಳು, ಅಂಕಿಗಳು, ವಿರಾಮಚಿಹ್ನೆಗಳು ಸೇರಿ ನೂರಕ್ಕೆ ಸಮೀಪದ ಮೊಳೆಗಳಿದ್ದರೆ ಒಂದು ಬಗೆ ಸಿದ್ಧವಾಗುತ್ತದೆ. ಕನ್ನಡಕ್ಕೆ ಕಾಗುಣಿತದ ರೂಪಗಳೂ ಒತ್ತುಗಳೂ ಸೇರಿ ನೂರಾರು ಮೊಳೆಗಳು ಬೇಕು. ಹೊಸ ಅಲಂಕೃತ ಬಗೆಯೊಂದನ್ನು ಎರಕಹೊಯ್ಯಬೇಕಾದರೆ ಅಷ್ಟೂ ರೂಪಗಳನ್ನು ಹೊಸದಾಗಿ ಕೊರೆಯಬೇಕು. ಅಲ್ಲದೆ ಒತ್ತಿಗೆ ಕೆಳಗಡೆ ಎಡೆ ಬಿಡಬೇಕಾದುದರಿಂದ ಒಂದೇ ಅಳತೆಯ ಮೊಳೆಯಲ್ಲಿ ಕನ್ನಡದ ಮೂಲಾಕ್ಷರವು ರೋಮನ್ ಅಕ್ಷರಕ್ಕಿಂತ ಕಿರಿದಾಗಿ ಕಾಣುತ್ತದೆ.

ಇದೇ ಕಾಲದಲ್ಲಿ ಯೂರೋಪಿನಲ್ಲಿ ಇದಕ್ಕೆ ವಿರುದ್ಧವಾದ ಬೆಳೆವಣಿಗೆ ನಡೆದಿತ್ತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ರಾಬರ್ಟ್ ಥಾರ್ನ್ ಎಂಬ ಎರಕದವನು ಬೊಜ್ಜು ಬೆಳೆದಂತೆ ಕಾಣುವ ದಪ್ಪ ಅಕ್ಷರಗಳನ್ನು ಪ್ರಚಾರಕ್ಕೆ ತಂದನು. ಲಾಟರಿ, ನಾಟಕ, ವ್ಯಾಪಾರ ಇವುಗಳ ಪ್ರಕಟನೆಗಳು ಗೋಡೆಯಲ್ಲಿ ಒಂದರ ಮಗ್ಗುಲಲ್ಲಿ ಒಂದು ನಿಂತು ಪೈಪೋಟಿ ಮಾಡುತ್ತಿದ್ದುದೇ ಇದಕ್ಕೆ ಕಾರಣ. ಅಮೆರಿಕದಲ್ಲಿ ಡೇರಿಯಸ್ ವೆಲ್ಸ್ ಎಂಬವನು ೧೮೨೭ರಲ್ಲಿ ಮರದ ದೊಡ್ಡ ಅಕ್ಷರಗಳನ್ನು ಯಂತ್ರದಿಂದ ಕೊರೆಯುವ ಉಪಾಯವನ್ನು ಕಂಡುಹಿಡಿದನು. ಶಿಕಾಗೋ ನಗರದಲ್ಲಿ ಆಸ್ವಾಲ್ಡ್ ಕೂಪರನು ರಚಿಸಿ ೧೯೨೨ರಲ್ಲಿ ಹೊರಬಂದ ‘ಕೂಪರ್ ಬ್ಲ್ಯಾಕ್’ ಎಂಬ ಬಗೆಯು ಮೂಲೆಗಳೆಲ್ಲ ಗುಂಡಗಾಗಿ, ಮೈಯೆಲ್ಲ ತುಂಬಿಕೊಂಡು, ನೋಡಿದವರಿಗೆ ಸಲಿಗೆಯನ್ನು ಹುಟ್ಟಿಸುವಂತಿತ್ತು. ೧೯೬೦ ಮತ್ತು ೧೯೭೦ರ ದಶಕಗಳಲ್ಲಿ ಅದು ಮತ್ತೆ ಜನಪ್ರಿಯವಾಯಿತು. ಇಂದು ಹಳೆಯ ಕಾಲದ ಸೊಗಸನ್ನು ನೆನಪಿಗೆ ತರಬೇಕೆಂದು ರಚಿಸುವ ದಪ್ಪ ಅಕ್ಷರಗಳಲ್ಲಿ ಅನೇಕವು ಇದರ ಸಂತತಿಯೇ.

ಕನ್ನಡದಲ್ಲಿ ಮೊಳೆಯ ಈ ಕೊರತೆಯನ್ನು ತುಂಬಿದವರು ಕುಂಚ ಹಿಡಿದವರು. ಪುಸ್ತಕದ ಹೊದಿಕೆ, ಚಲಚ್ಚಿತ್ರದ ಹೆಸರು, ಅಂಗಡಿಯ ಹಲಗೆ ಇವುಗಳಿಗೆ ಕೈಯಿಂದ ಬರೆದ ಅಕ್ಷರವೇ ಬಹುಕಾಲ ಗತಿಯಾಗಿತ್ತು. ರೋಮನ್ ಅಕ್ಷರವನ್ನು ಗುಂಡಗೆ ಮಾಡಲು ಕೂಪರನು ಪ್ರಯತ್ನಪಡಬೇಕಾಯಿತು. ಕನ್ನಡದ ಅಕ್ಷರವಾದರೋ ಹುಟ್ಟಿನಿಂದಲೇ ಗುಂಡಗು. ಆದುದರಿಂದ ದಪ್ಪ ಗುಂಡಕ್ಷರದ ರೀತಿಯು ಕನ್ನಡಕ್ಕೆ ಹೊರಗಿನದೆಂಬ ಮಾತು ನಿಲ್ಲುವುದಿಲ್ಲ. ಹೊರಗಿನಿಂದ ಬಂದುದು ಪೈಪೋಟಿಯ ಸಂದರ್ಭವೇ ಹೊರತು ಅಕ್ಷರದ ತುಂಬುಮೈಯಲ್ಲ.

೫

ಇನ್ನು ಕನ್ನಡದ ಅಕ್ಷರವನ್ನು ದಪ್ಪಮಾಡುವಾಗ ಒದಗುವ ವಿಶೇಷ ತೊಡಕುಗಳನ್ನು ಅಂಗಾಂಗವಾಗಿ ಪರಿಶೀಲಿಸತಕ್ಕದ್ದು.

ಮೊದಲನೆಯದಾಗಿ ತಲೆಕಟ್ಟು. ನಾಗರಿಯ ಮೇಲುಗೆರೆಗೂ ಕನ್ನಡದ ತಲೆಕಟ್ಟಿಗೂ ಹೋಲಿಕೆಯಿದೆಯೆಂದು ತೋರಿದರೂ ಎರಡರ ವ್ಯಾಪಾರವು ಬೇರೆ. ನಾಗರಿಯಲ್ಲಿ ಸ್ವರವು ಬದಲಾದರೂ ಮೇಲುಗೆರೆಯು ಹಾಗೆಯೇ ಉಳಿಯುತ್ತದೆ. ಕನ್ನಡದಲ್ಲಿ ‘ಕ’ಕಾರದ ತಲೆಕಟ್ಟು ‘ಕಾ’ ಎಂಬಲ್ಲಿ ಇಳಿಯಾಗಿ ಚಾಚುತ್ತದೆ, ‘ಕಿ’ ಎಂಬಲ್ಲಿ ಗುಡಿಸಾಗಿ ಮುಚ್ಚುತ್ತದೆ, ‘ಕೆ’ ಎಂಬಲ್ಲಿ ಏತ್ವವಾಗುತ್ತದೆ, ‘ಕ್’ ಎಂಬಲ್ಲಿ ಸ್ವರವಿಲ್ಲವೆಂಬುದನ್ನು ಸೂಚಿಸುವ ಬಾಲವಾಗುತ್ತದೆ. ಹೀಗೆ ತಲೆಕಟ್ಟು ಸ್ವರದ ಪೀಠ. ಅದನ್ನು ಬರಿಯ ಅಲಂಕಾರವೆಂದು ತಿಳಿದು ಅಕ್ಷರದಿಂದ ಅಕ್ಷರಕ್ಕೆ ಎಳೆದು ಒಂದೇ ಗೆರೆಯಾಗಿಸಿದರೆ ಸ್ವರಗಳ ಭೇದವು ಮಸುಕಾಗುತ್ತದೆ. ‘ಖ’, ‘ಜ’, ‘ಟ’, ‘ಣ’, ‘ಬ’, ‘ಲ’ ಮುಂತಾದ ಅಕ್ಷರಗಳಿಗೆ ತಲೆಕಟ್ಟೇ ಇಲ್ಲವೆಂಬುದನ್ನೂ ಮರೆಯಬಾರದು. ನಾಗರಿಯ ಅನುಕರಣದಿಂದ ಎಲ್ಲಕ್ಕೂ ಒಂದೇ ಸಮನೆ ಮೇಲುಗೆರೆಯನ್ನೆಳೆದವರು ಇಲ್ಲದ ಅಂಗವನ್ನು ಅಂಟಿಸಿದಂತಾಯಿತು.

ಎರಡನೆಯದಾಗಿ ಅಕ್ಷರದ ಒಳಬಯಲು. ಗೆರೆಯನ್ನು ಒಳಮುಖವಾಗಿ ದಪ್ಪಮಾಡಿದರೆ ಒಳಗಿನ ಬಿಳಿಯ ಜಾಗವು ಮುಚ್ಚಿಹೋಗುತ್ತದೆ. ‘ರ’ಕಾರಕ್ಕೂ ‘ಠ’ಕಾರಕ್ಕೂ ಇರುವ ಭೇದವು ಬಳೆಯೊಳಗಿನ ಒಂದು ಚುಕ್ಕೆ ಮಾತ್ರ. ಒಳಬಯಲು ಮುಚ್ಚಿದರೆ ‘ಮರ’ವು ‘ಮಠ’ವಾಗಬಹುದು, ‘ಮಠ’ವು ‘ಮರ’ವಾಗಬಹುದು. ‘ಪ’ಕಾರಕ್ಕೂ ‘ಷ’ಕಾರಕ್ಕೂ ಇರುವ ಭೇದವು ಒಳಗಿನ ಒಂದು ಓರೆಗೆರೆ. ಕಾಫಿಯ ಮೂಟೆಗಳ ಮೇಲೆ ಗುರುತುಹಾಕಲು ತಗಡಿನಲ್ಲಿ ಅಕ್ಷರವನ್ನು ಕತ್ತರಿಸಿ ಮಸಿ ಬಳಿಯುವ ಕ್ರಮದಲ್ಲಿ ಈ ತೊಡಕು ಇನ್ನೂ ಸ್ಪಷ್ಟವಾಗುತ್ತದೆ. ‘ರ’ಕಾರದ ಬಳೆಯನ್ನು ಸುತ್ತಲೂ ಕತ್ತರಿಸಿದರೆ ನಡುವಣ ತಗಡು ಉದುರಿಹೋಗುವುದು, ಉದುರದಂತೆ ಎಲ್ಲಾದರೂ ಒಂದು ಕಡೆ ಸೇತುವೆಯನ್ನು ಬಿಡಬೇಕು. ಆ ಸೇತುವೆಯನ್ನು ಬಿಡುವ ಜಾಗ ತಪ್ಪಿದರೆ ಅಕ್ಷರವೂ ತಪ್ಪುತ್ತದೆ.

ಮೂರನೆಯದಾಗಿ ಮಹಾಪ್ರಾಣದ ಸೀಳು. ‘ದ’ಕಾರಕ್ಕೂ ‘ಧ’ಕಾರಕ್ಕೂ, ‘ಡ’ಕಾರಕ್ಕೂ ‘ಢ’ಕಾರಕ್ಕೂ, ‘ಪ’ಕಾರಕ್ಕೂ ‘ಫ’ಕಾರಕ್ಕೂ ಕೆಳಗಿನ ಒಂದು ಸಣ್ಣ ಸೀಳೇ ಭೇದಕ. ಮೈಯೆಲ್ಲ ದಪ್ಪವಾದಾಗ ಸೀಳು ಅದರಲ್ಲಿ ಕರಗಿ ‘ಧನ’ವು ‘ದನ’ವಾಗುವುದು. ‘ಬ’ಕಾರ ‘ಭ’ಕಾರಗಳಲ್ಲಿ ಮಾತ್ರ ಅಷ್ಟು ಭಯವಿಲ್ಲ, ಸೀಳಲ್ಲದೆ ತಲೆಕಟ್ಟೂ ಅಲ್ಲಿ ಭೇದವನ್ನು ಕಾಪಾಡುತ್ತದೆ. ಒಂದೇ ಭೇದಕವಿರುವ ಅಕ್ಷರಗಳಲ್ಲಿ ಆ ಭೇದಕವನ್ನು ಮಿಕ್ಕ ಅಂಗಗಳಿಗಿಂತ ಹೆಚ್ಚು ಪ್ರಮಾಣದಲ್ಲಿ ಬೆಳೆಯಿಸಬೇಕೆಂಬ ಸೂತ್ರವು ಇದರಿಂದ ಸಿದ್ಧಿಸುತ್ತದೆ.

ನಾಲ್ಕನೆಯದಾಗಿ ಒತ್ತಕ್ಷರ. ಹಾಸನದಿಂದ ಮಂಗಳೂರಿಗೆ ಹೋಗುವ ರೈಲುದಾರಿಯ ಮೂರು ಊರುಗಳ ಹೆಸರನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. ರೈಲುನಿಲ್ದಾಣದ ಹಳದಿಯ ಹಲಗೆಯ ಮೇಲೆ ಕಪ್ಪು ಬಣ್ಣದಲ್ಲಿ ಊರ ಹೆಸರನ್ನು ಮೂರು ಭಾಷೆಗಳಲ್ಲಿ ಬರೆಯುವರಷ್ಟೆ. ಗೊಮ್ಮಟನ ಪಾದದ ಬಳಿ ಸಾವಿರ ವರ್ಷಗಳ ಹಿಂದೆ ಅನುಸರಿಸಿದ ಕ್ರಮಕ್ಕೆ ಇದು ಬಹು ಸಮೀಪವಾಗಿದೆ. ‘ಆಲೂರು’ ಎಂಬ ಹೆಸರಿನಲ್ಲಿ ತಲೆಕಟ್ಟು ಇರುವುದು ‘ರು’ ಎಂಬ ಒಂದೇ ಅಕ್ಷರಕ್ಕೆ. ಆ ಹೆಸರಿನ ಭಾರವೆಲ್ಲವೂ ಮಗ್ಗುಲಿನ ಕೊಂಬುಗಳಲ್ಲಿದೆ. ದಪ್ಪಮಾಡುವಾಗ ‘ಲೂ’ ಎಂಬಲ್ಲಿಯ ದೀರ್ಘವು ಹ್ರಸ್ವವಾಗದಂತೆ ನೋಡಿಕೊಂಡರೆ ಸಾಕು. ‘ಸಕಲೇಶಪುರ’ದ ಆರು ಅಕ್ಷರಗಳಲ್ಲಿ ಐದಕ್ಕೆ ತಲೆಕಟ್ಟುಂಟು, ‘ಲೇ’ ಎಂಬುದಕ್ಕೆ ಏತ್ವವುಂಟು. ಇದರ ಸೊಗಸು ಮೇಲ್ಗಡೆಯಲ್ಲಿದೆ, ಕೆಳಗೆ ಇಳಿಯುವ ಒತ್ತು ಒಂದೂ ಇಲ್ಲ. ಆದುದರಿಂದ ಎಷ್ಟು ಗಿಡ್ಡವಾದ ಹಲಗೆಯಲ್ಲಿಯೂ ಅದನ್ನು ಮೈತುಂಬ ಬರೆಯಬಹುದು. ಇವೆರಡರ ನಡುವಣ ‘ಬಾಳ್ಳುಪೇಟೆ’ಯಲ್ಲಾದರೋ ಳಕಾರಕ್ಕೆ ಕೊಂಬೂ ಇದೆ, ಕೆಳಗೆ ಒತ್ತೂ ಇದೆ. ಅಲ್ಲಿ ಒಂದು ಒತ್ತಿಗಾಗಿ ಇಡೀ ಸಾಲನ್ನೇ ಮೇಲೆತ್ತಬೇಕು, ಇಲ್ಲವೆ ಒತ್ತನ್ನು ಕಿರಿದಾಗಿಸಬೇಕು. ಒಂದೇ ದಾರಿಯ ಮೂರು ಊರುಗಳಿಗೆ ಮೂರು ಬಗೆಯ ವಿನ್ಯಾಸವು ಬೇಕಾಗುತ್ತದೆ. ಕನ್ನಡದ ಶೀರ್ಷಿಕಾಕ್ಷರವನ್ನು ಬಿಡಿ ಅಕ್ಷರವಾಗಿ ನೋಡದೆ ಪದವಾಗಿ ನೋಡಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವು ಅನಾವಶ್ಯಕ.

೬

ಇಲ್ಲಿ ಎರಡು ಪೂರ್ವಪಕ್ಷಗಳು ಏಳುತ್ತವೆ. ಅಕ್ಷರವು ಅರ್ಥಕ್ಕೆ ವಾಹನಮಾತ್ರವಾದುದರಿಂದ ಅದಕ್ಕೆ ಅಲಂಕಾರವೇ ಬೇಡವೆಂಬುದು ಒಂದು. ಶೀರ್ಷಿಕೆಯಲ್ಲಿ ನೋಟವೇ ಪ್ರಧಾನವಾದುದರಿಂದ ಓದು ಸ್ವಲ್ಪ ತೊಡಕಾದರೂ ಬಾಧಕವಿಲ್ಲವೆಂಬು‍ದು ಮತ್ತೊಂದು.

ಮೊದಲನೆಯ ಪಕ್ಷಕ್ಕೆ ಉತ್ತರವು ಬೇಲೂರಿನ ಕಲ್ಲುಗಳಲ್ಲಿದೆ. ಅರ್ಥವು ಮುಟ್ಟುವುದಕ್ಕೆ ಮೊದಲು ನೋಟವು ನಿಲ್ಲಬೇಕು. ನೋಟವನ್ನು ನಿಲ್ಲಿಸುವ ಕೆಲಸವು ಅಲಂಕಾರದ್ದು. ದಾರಿಹೋಕನು ಗ್ರಂಥವನ್ನು ಬಿಚ್ಚಿಕೊಂಡು ಕುಳಿತ ವಾಚಕನಲ್ಲ. ಅವನನ್ನು ಕರೆಯಬೇಕಾದರೆ ಅಕ್ಷರವು ದನಿಯೆತ್ತಲೇಬೇಕು.

ಎರಡನೆಯ ಪಕ್ಷಕ್ಕೆ ಉತ್ತರವನ್ನು ಅಲಂಕಾರಶಾಸ್ತ್ರವೇ ಕೊಡುತ್ತದೆ. ಅಕ್ಷರಗಳನ್ನು ಕಮಲ, ಮುರಜ ಮುಂತಾದ ಆಕೃತಿಗಳಲ್ಲಿ ಹೊಂದಿಸುವ ಚಿತ್ರಬಂಧಗಳು ಸಂಸ್ಕೃತ ಕನ್ನಡಗಳೆರಡರಲ್ಲಿಯೂ ಪ್ರಸಿದ್ಧವಾಗಿವೆ. ದಂಡಿಯು ಕಾವ್ಯಾದರ್ಶದ ಮೂರನೆಯ ಪರಿಚ್ಛೇದವನ್ನು ಬಹುಮಟ್ಟಿಗೆ ಯಮಕ ಚಿತ್ರಗಳಿಗೇ ಮೀಸಲಿಟ್ಟನು. ಆದರೆ ಒಂಬತ್ತನೆಯ ಶತಮಾನದಲ್ಲಿ ಆನಂದವರ್ಧನನು ಚಿತ್ರವನ್ನು ಕಾವ್ಯದ ಅನುಕರಣವೆಂದು ಕೆಳಗಿನ ಮೆಟ್ಟಿಲಿನಲ್ಲಿರಿಸಿದನು. ಅಲ್ಲಿ ಆಕೃತಿಗೆ ಅರ್ಥವು ಅಡಿಯಾಳಾಗುತ್ತದೆಂಬುದೇ ಆಕ್ಷೇಪದ ಸಾರ. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರನು ಔಚಿತ್ಯವಿಚಾರಚರ್ಚೆಯಲ್ಲಿ ಒಡವೆಯು ತಕ್ಕ ಅಂಗದಲ್ಲಿದ್ದರೆ ಮಾತ್ರ ಒಡವೆಯೆಂದೂ ನಡುವಿನ ಡಾಬನ್ನು ಕೊರಳಿಗೆ ಕಟ್ಟಿದರೆ ನಗೆಗೀಡೆಂದೂ ತಿಳಿಸಿರುವನು. ಲಿಪಿಗೆ ಈ ನ್ಯಾಯವು ಅಕ್ಷರಶಃ ಅನ್ವಯಿಸುತ್ತದೆ. ಬಳ್ಳಿಯ ಕೊನರು ತಲೆಕಟ್ಟಿನ ತುದಿಯಲ್ಲಿದ್ದರೆ ಒಡವೆ. ಅದೇ ಕೊನರು ‘ರ’ಕಾರದ ಒಳಬಯಲಿಗೆ ಇಳಿದರೆ ‘ಠ’ಕಾರದ ಭ್ರಾಂತಿ. ಗೆರೆಯ ದಪ್ಪವು ಹೊರಮುಖವಾದರೆ ಪುಷ್ಟಿ, ಒಳಮುಖವಾದರೆ ಉಸಿರುಕಟ್ಟು.

ಆದುದರಿಂದ ಸಿದ್ಧಾಂತವು ಹೀಗಾಗುತ್ತದೆ. ಅಕ್ಷರದಲ್ಲಿ ಸಾಮಾನ್ಯಾಂಗವೆಂದೂ ಭೇದಕಾಂಗವೆಂದೂ ಎರಡು ಭಾಗಗಳುಂಟು. ಹಲವು ಅಕ್ಷರಗಳಿಗೆ ಸಮಾನವಾದುದು ಸಾಮಾನ್ಯಾಂಗ. ಒಂದನ್ನು ಮತ್ತೊಂದರಿಂದ ಬೇರ್ಪಡಿಸುವುದು ಭೇದಕಾಂಗ. ಅಲಂಕಾರಕ್ಕೆ ಸಾಮಾನ್ಯಾಂಗವೇ ಆಶ್ರಯ. ಭೇದಕಾಂಗದ ಸುತ್ತ ಬಯಲನ್ನು ಬಿಡುವುದೇ ಅದರ ಅಲಂಕಾರ.

೭

ಗಣಕಯಂತ್ರವು ಬಂದ ಮೇಲೆ ಮೊಳೆಯ ಬಡತನವು ಬಹುಮಟ್ಟಿಗೆ ನೀಗಿದೆ. ೧೯೯೧ರಲ್ಲಿ ಹೊರಬಂದ ಯೂನಿಕೋಡ್ ಸಂಕೇತವ್ಯವಸ್ಥೆಯ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವು ದೊರೆಯಿತು. ಈ ವ್ಯವಸ್ಥೆಯಲ್ಲಿ ಒಂದೊಂದು ವರ್ಣಕ್ಕೂ ಒಂದೊಂದು ಸಂಖ್ಯೆಯುಂಟು. ಆ ವರ್ಣವು ತೆಳ್ಳಗೆ ಕಾಣಬೇಕೇ ದಪ್ಪಗೆ ಕಾಣಬೇಕೇ ಎಂಬುದು ಬೇರೆಯ ವಿಷಯ. ವರ್ಣವು ನಿತ್ಯವೆಂದೂ ಅದನ್ನು ವ್ಯಕ್ತಪಡಿಸುವ ಧ್ವನಿಯು ಅನಿತ್ಯವೆಂದೂ ಹೇಳುವ ಮೀಮಾಂಸಕರ ಮಾತು ಇಲ್ಲಿ ಲಿಪಿಯ ವಿಷಯದಲ್ಲಿ ನೆನಪಿಗೆ ಬಾರದಿರದು. ಮುಂಬಯಿಯ ಏಕ್ ಟೈಪ್ ಸಂಸ್ಥೆಯು ಭಾರತದ ಅನೇಕ ಲಿಪಿಗಳಿಗೆ ರಚಿಸಿದ ‘ಬಾಲೂ’ ಎಂಬ ದುಂಡು ದಪ್ಪ ಅಕ್ಷರಗಳ ಕುಟುಂಬದಲ್ಲಿ ಕನ್ನಡದ್ದಕ್ಕೆ ‘ಬಾಲೂ ತಮ್ಮ’ ಎಂಬ ಸಲಿಗೆಯ ಹೆಸರಿದೆ. ಮೊದಲು ಒಂದೇ ದಪ್ಪದಲ್ಲಿದ್ದ ಇದು ಮುಂದೆ ಐದು ದಪ್ಪಗಳಲ್ಲಿ ವಿಸ್ತಾರವಾಯಿತು. ‘ಅಕಾಯ ಕನಡಕ’ ಎಂಬುದು ಬಳುಕಿನ ಗೆರೆಗಳ ಮತ್ತೊಂದು ಶೀರ್ಷಿಕಾಕ್ಷರ. ಇವೆರಡೂ ಯಾರು ಬೇಕಾದರೂ ಬಳಸಬಹುದಾದಂತೆ ಮುಕ್ತವಾಗಿ ದೊರೆಯುತ್ತವೆ.

ಇಂಥ ಪ್ರಯತ್ನಗಳು ಹೆಚ್ಚಿದಷ್ಟೂ ಅವುಗಳನ್ನು ಅಳೆಯುವ ಒರೆಗಲ್ಲಿನ ಅವಶ್ಯಕತೆಯೂ ಹೆಚ್ಚುತ್ತದೆ. ಮರ, ಮಠ, ದನ, ಧನ, ಪದ, ವಧ, ವಿಷ, ವಿಪ್ರ, ಆಲೂರು, ಬಾಳ್ಳುಪೇಟೆ: ಹೊಸ ಅಕ್ಷರದಲ್ಲಿ ಈ ಕೆಲವು ಪದಗಳನ್ನು ಬರೆದು ಇಪ್ಪತ್ತು ಹೆಜ್ಜೆಗಳ ದೂರದಲ್ಲಿಟ್ಟು ಓದಿದರೆ ಅದರ ಗುಣದೋಷಗಳು ತಾವಾಗಿಯೇ ಹೊರಬೀಳುತ್ತವೆ. ಪಾಠಶಾಲೆಯ ಉಪಾಧ್ಯಾಯರೂ ಈ ಪರೀಕ್ಷೆಯನ್ನು ಮಕ್ಕಳಿಂದ ಮಾಡಿಸಬಹುದು. ಹಳ್ಳಿಯ ಮಗುವು ಪುಸ್ತಕವನ್ನು ತೆರೆಯುವುದಕ್ಕೆ ಮೊದಲೇ ಬಸ್ಸಿನ ನೆತ್ತಿ, ಅಂಗಡಿಯ ಹಲಗೆ, ತೋಟದ ಬಾಗಿಲು ಇವುಗಳ ಮೇಲಿನ ಅಕ್ಷರಗಳನ್ನು ನೋಡಿ ಲಿಪಿಯ ಪರಿಚಯವನ್ನು ಪಡೆದಿರುತ್ತದೆ. ಅಲ್ಲಿ ‘ಧ’ಕಾರವು ‘ದ’ಕಾರವಾಗಿ ಕಂಡರೆ ಕಣ್ಣು ತಪ್ಪನ್ನೇ ಕಲಿಯುತ್ತದೆ, ಕಣ್ಣು ಕಲಿತ ತಪ್ಪನ್ನು ವ್ಯಾಕರಣವು ತಿದ್ದುವುದು ಸುಲಭವಲ್ಲ.

ಹೊಸ ರೂಪಗಳಿಗೆ ಮಾದರಿಯನ್ನು ಹುಡುಕುವವರು ಪರದೇಶದ ಪಟ್ಟಿಗಳನ್ನು ತಿರುವಿಹಾಕುವುದಕ್ಕೆ ಮೊದಲು ಹೊಯ್ಸಳರ ಶಾಸನಗಳ ಮೊದಲ ಸಾಲುಗಳನ್ನೂ ಮಲೆನಾಡಿನ ವೀರಗಲ್ಲುಗಳ ಅಡ್ಡಪಟ್ಟಿಗಳನ್ನೂ ನೋಡಬೇಕು. ಶಾಸನಸಂಪುಟಗಳಲ್ಲಿ ಪಾಠವು ಉಳಿದಿದೆ. ಪಾಠವು ಅಕ್ಷರದ ಅರ್ಥವನ್ನು ಕೊಡುತ್ತದೆಯೇ ಹೊರತು ಅದರ ಮೈಕಟ್ಟನ್ನು ಕೊಡುವುದಿಲ್ಲ. ಮೈಕಟ್ಟು ಉಳಿಯಬೇಕಾದರೆ ಕಲ್ಲಿನ ಮೇಲೆ ಒದ್ದೆಯ ಕಾಗದವನ್ನೊತ್ತಿ ಮಸಿಯ ಪ್ರತಿಯನ್ನು ತೆಗೆಯಬೇಕು, ಓರೆಬೆಳಕಿನಲ್ಲಿ ಛಾಯಾಚಿತ್ರವನ್ನು ಹಿಡಿಯಬೇಕು. ಮುಂಗಾರು ಕಳೆದು ಹಾವಸೆ ಒಣಗುವ ತಿಂಗಳುಗಳು ಈ ಕಾರ್ಯಕ್ಕೆ ತಕ್ಕುವು. ಆಲೂರು ಸಕಲೇಶಪುರಗಳ ಕಡೆ ಒಂದೊಂದು ಮಳೆಗಾಲವೂ ಕೆಲವು ಗೆರೆಗಳನ್ನು ತೊಳೆದುಕೊಂಡು ಹೋಗುತ್ತಿದೆ. ಸಣ್ಣ ಗೆರೆಗಳು ಮೊದಲು, ದಪ್ಪ ಗೆರೆಗಳು ಕಡೆಗೆ.